ಕಾರಿನ ಕಂಪನಿ ಬ್ಯಾಟರಿ: ಎಷ್ಟು ಕಾಲ ಬಾಳುತ್ತದೆ, ಏಕೆ ಬೇಗ ಸೋಲುತ್ತದೆ

ಹೊಸ ಕಾರಿನೊಂದಿಗೆ ಕಾರ್ಖಾನೆಯಿಂದಲೇ ಬರುವ ಬ್ಯಾಟರಿಯನ್ನು ಬಳಕೆಯ ಮಾತಿನಲ್ಲಿ ‘ಕಂಪನಿ ಬ್ಯಾಟರಿ’ ಎನ್ನುತ್ತಾರೆ. ಭಾರತದ ಹವೆಯಲ್ಲಿ ಇದು ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ. ಆದರೆ ಒಂದೇ ದಿನ ಒಂದೇ ಷೋರೂಮಿನಿಂದ ಹೊರಟ ಎರಡು ಕಾರುಗಳಲ್ಲಿ ಒಂದರ ಬ್ಯಾಟರಿ ಎರಡೂವರೆ ವರ್ಷಕ್ಕೇ ಕೈಕೊಡುವುದುಂಟು. ಇನ್ನೊಂದರದು ಆರನೆಯ ವರ್ಷದಲ್ಲೂ ಒಂದೇ ಸಲಕ್ಕೆ ಎಂಜಿನ್ ತಿರುಗಿಸುವುದುಂಟು. ಈ ಅಂತರದಲ್ಲಿ ಅದೃಷ್ಟದ ಪಾಲು ಕಡಿಮೆ, ರಸಾಯನಶಾಸ್ತ್ರದ ಪಾಲು ಹೆಚ್ಚು. ಬ್ಯಾಟರಿ ಸವೆಯುವುದು ಮುಖ್ಯವಾಗಿ ಎರಡು ಲೆಕ್ಕದ ಮೇಲೆ: ಅದು ಎಷ್ಟು ಬಿಸಿಯನ್ನು ಉಂಡಿತು, ಎಷ್ಟು ಕಾಲ ಅರೆಚಾರ್ಜಿನಲ್ಲಿ ಉಳಿಯಿತು. ಮೊದಲನೆಯದು ಊರಿನ ಹವೆಗೆ ಸೇರಿದ್ದು. ಎರಡನೆಯದು ಬಹುಮಟ್ಟಿಗೆ ಮಾಲೀಕರ ಕೈಯಲ್ಲಿದೆ.

ಹಿನ್ನೆಲೆ

ಕಾರುಗಳಲ್ಲಿ ಬಳಕೆಯಲ್ಲಿರುವುದು ಸೀಸ-ಆಮ್ಲ ಬ್ಯಾಟರಿ. ಫ್ರಾನ್ಸಿನ ಭೌತವಿಜ್ಞಾನಿ ಗಾಸ್ತೋಂ ಪ್ಲಾಂಟೆ 1859ರಲ್ಲಿ ಇದನ್ನು ರೂಪಿಸಿದರು. ಮರಳಿ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿ ಇದೇ. 1881ರಲ್ಲಿ ಕಮೀಲ್ ಫೋರ್ ಸೀಸದ ಜಾಲರಿಗೆ ಸೀಸದ ಆಕ್ಸೈಡಿನ ಲೇಪ ಮೆತ್ತುವ ವಿಧಾನ ಕಂಡುಹಿಡಿದ ಮೇಲೆ ಇದರ ಸಾಮರ್ಥ್ಯ ಹೆಚ್ಚಿ, ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದ ತಯಾರಿಕೆ ಸಾಧ್ಯವಾಯಿತು. ಆರಂಭದ ಮೋಟಾರು ಕಾರುಗಳ ಎಂಜಿನ್ನನ್ನು ಮುಂಭಾಗದಲ್ಲಿ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಬೇಕಿತ್ತು. ಅಮೆರಿಕದ ಚಾರ್ಲ್ಸ್ ಕೆಟ್ಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಬ್ಯಾಟರಿ ಕಾರಿನ ಅನಿವಾರ್ಯ ಅಂಗವಾದದ್ದು ಆಗಿನಿಂದ.

ರಚನೆ

ಬ್ಯಾಟರಿಯ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಆರು ಕೋಣೆಗಳಿವೆ. ಒಂದೊಂದು ಕೋಣೆಯೂ ಒಂದು ವಿದ್ಯುತ್ಕೋಶ, ಅಂದರೆ ಒಂದು ಸೆಲ್. ಪೂರ್ಣ ಚಾರ್ಜ್ ಆದ ಸೆಲ್ ಸುಮಾರು 2.1 ವೋಲ್ಟ್ ನೀಡುತ್ತದೆ. ಆರೂ ಸಾಲಾಗಿ ಜೋಡಣೆಗೊಂಡಿರುವುದರಿಂದ ಒಟ್ಟು 12.6 ವೋಲ್ಟಿಗೆ ತುಸು ಹೆಚ್ಚು ದೊರೆಯುತ್ತದೆ. ‘ಹನ್ನೆರಡು ವೋಲ್ಟಿನ ಬ್ಯಾಟರಿ’ ಎಂಬುದು ವಾಡಿಕೆಯ ಮಾತು. ಸರಿಯಾಗಿ 12.0 ವೋಲ್ಟ್ ತೋರಿಸುವ ಬ್ಯಾಟರಿ ವಾಸ್ತವದಲ್ಲಿ ಮುಕ್ಕಾಲು ಪಾಲು ಖಾಲಿಯಾಗಿರುತ್ತದೆ.

ಪ್ರತಿ ಸೆಲ್ಲಿನಲ್ಲಿ ಧನ ಫಲಕಗಳು ಮತ್ತು ಋಣ ಫಲಕಗಳು ಒಂದರ ಪಕ್ಕ ಒಂದರಂತೆ ನಿಂತಿರುತ್ತವೆ. ಧನ ಫಲಕದಲ್ಲಿರುವುದು ಸೀಸದ ಡೈಆಕ್ಸೈಡ್, ಕಂದು ಬಣ್ಣದ್ದು. ಋಣ ಫಲಕದಲ್ಲಿರುವುದು ರಂಧ್ರಗಳಿಂದ ಕೂಡಿದ ಬೂದುಬಣ್ಣದ ಶುದ್ಧ ಸೀಸ. ಎರಡೂ ಒಂದನ್ನೊಂದು ಮುಟ್ಟದಂತೆ ನಡುವೆ ತೆಳುವಾದ ಸೆಪರೇಟರ್ ಹಾಳೆಯಿದೆ. ಫಲಕಗಳು ಮುಳುಗಿರುವುದು ನೀರು ಬೆರೆಸಿದ ಗಂಧಕಾಮ್ಲದಲ್ಲಿ, ಎಂದರೆ ಸಲ್ಫ್ಯೂರಿಕ್ ಆಸಿಡ್‌ನಲ್ಲಿ. ಫಲಕಕ್ಕೆ ಆಧಾರವಾದ ಜಾಲರಿಯೂ ಸೀಸದ್ದೇ. ಮೆದುವಾದ ಸೀಸಕ್ಕೆ ಗಡಸುತನ ಬರಲೆಂದು ಹಿಂದೆ ಆಂಟಿಮನಿ ಬೆರೆಸುತ್ತಿದ್ದರು, ಈಗ ಹೆಚ್ಚಾಗಿ ಕ್ಯಾಲ್ಸಿಯಂ ಬೆರೆಸುತ್ತಾರೆ. ಕ್ಯಾಲ್ಸಿಯಂ ಮಿಶ್ರಿತ ಜಾಲರಿಯ ಬ್ಯಾಟರಿಯಲ್ಲಿ ನೀರು ಬಹಳ ನಿಧಾನವಾಗಿ ಕಡಿಮೆಯಾಗುತ್ತದೆ. ‘ಮೇಂಟೆನೆನ್ಸ್ ಫ್ರೀ’ ಎಂಬ ಮಾತಿನ ಹಿಂದಿರುವ ಮುಖ್ಯ ಬದಲಾವಣೆ ಇದು.

ಈ ಫಲಕಗಳು ಬಹಳ ತೆಳುವಾಗಿರುತ್ತವೆ, ಸಂಖ್ಯೆಯಲ್ಲಿ ಹೆಚ್ಚಿರುತ್ತವೆ. ಆಮ್ಲಕ್ಕೆ ತಾಗುವ ಮೇಲ್ಮೈ ಹೆಚ್ಚಿದಷ್ಟೂ ಒಮ್ಮೆಲೇ ಹೆಚ್ಚು ಪ್ರವಾಹ ಕೊಡಲು ಸಾಧ್ಯ. ಮನೆಯ ಯುಪಿಎಸ್‌ಗೆ ಹಾಕುವ ಬ್ಯಾಟರಿಯ ಫಲಕಗಳು ದಪ್ಪ. ಅವು ಗಂಟೆಗಟ್ಟಲೆ ಸ್ವಲ್ಪಸ್ವಲ್ಪವೇ ವಿದ್ಯುತ್ ಕೊಡಲು, ಆಳವಾಗಿ ಖಾಲಿಯಾಗಿ ಮತ್ತೆ ತುಂಬಿಕೊಳ್ಳಲು ತಯಾರಾದಂಥವು. ಕಾರಿನ ಬ್ಯಾಟರಿಗೆ ಆ ತಾಳಿಕೆ ಇಲ್ಲ. ಕೆಲವೇ ಕ್ಷಣ ಭಾರಿ ಪ್ರವಾಹ ಕೊಟ್ಟು ಕೂಡಲೇ ತುಂಬಿಕೊಳ್ಳುವುದು ಅದರ ಕೆಲಸ. ಅದರ ಆಯುಸ್ಸಿನ ಬಗ್ಗೆ ಮುಂದೆ ಹೇಳುವ ಬಹುತೇಕ ಸಂಗತಿಗಳು ಈ ಒಂದು ಗುಣದಿಂದಲೇ ಹೊರಡುತ್ತವೆ.

ಕೆಲಸ ಮಾಡುವ ಬಗೆ

ಬ್ಯಾಟರಿಯಿಂದ ವಿದ್ಯುತ್ ಹೊರಡುವಾಗ ಎರಡೂ ಬಗೆಯ ಫಲಕಗಳು ಆಮ್ಲದೊಂದಿಗೆ ವರ್ತಿಸಿ ಸೀಸದ ಸಲ್ಫೇಟ್ ಆಗಿ ಬದಲಾಗುತ್ತವೆ. ಜೊತೆಗೆ ನೀರು ಉಂಟಾಗುತ್ತದೆ. ಆದ್ದರಿಂದ ಖಾಲಿಯಾಗುತ್ತ ಹೋದಂತೆ ಆಮ್ಲ ತೆಳುವಾಗುತ್ತದೆ. ಪೂರ್ಣ ಚಾರ್ಜಿನಲ್ಲಿ ಆಮ್ಲದ ಸಾಪೇಕ್ಷ ಸಾಂದ್ರತೆ 1.26ರ ಆಸುಪಾಸಿನಲ್ಲಿದ್ದರೆ, ಖಾಲಿಯಾದಾಗ ಅದು 1.15ಕ್ಕಿಂತ ಕೆಳಗಿಳಿಯಬಹುದು. ಹೈಡ್ರೋಮೀಟರ್ ಅಳೆಯುವುದು ಇದನ್ನೇ. ಚಾರ್ಜ್ ಮಾಡುವಾಗ ಈ ಕ್ರಿಯೆ ಹಿಮ್ಮುಖವಾಗಿ ನಡೆದು ಸಲ್ಫೇಟ್ ಕರಗುತ್ತದೆ, ಆಮ್ಲ ಮತ್ತೆ ಗಟ್ಟಿಯಾಗುತ್ತದೆ.

ಕೀಲಿ ತಿರುಗಿಸಿದಾಗ ಸಣ್ಣ ಪೆಟ್ರೋಲ್ ಕಾರಿನ ಸ್ಟಾರ್ಟರ್ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ಸೆಳೆಯುತ್ತದೆ. ಡೀಸೆಲ್ ಎಂಜಿನ್ನಿಗೆ ಇನ್ನೂ ಹೆಚ್ಚು ಬೇಕು. ಆದರೆ ಇದು ಒಂದೆರಡು ಸೆಕೆಂಡಿನ ಮಾತು. 150 ಆಂಪಿಯರ್ ಪ್ರವಾಹ ಎರಡು ಸೆಕೆಂಡ್ ಹರಿದರೆ ಖರ್ಚಾಗುವುದು 0.1 ಆಂಪಿಯರ್-ಗಂಟೆಗೂ ಕಡಿಮೆ. 35 ಆಂಪಿಯರ್-ಗಂಟೆಯ ಬ್ಯಾಟರಿಗೆ ಇದು ಲೆಕ್ಕಕ್ಕೇ ಇಲ್ಲದಷ್ಟು. ಹೀಗಾಗಿ ಸರಿಯಾಗಿರುವ ಎಂಜಿನ್ನನ್ನು ದಿನಕ್ಕೆ ಹಲವು ಬಾರಿ ಸ್ಟಾರ್ಟ್ ಮಾಡುವುದರಿಂದಲೇ ಬ್ಯಾಟರಿ ಖಾಲಿಯಾಗುತ್ತದೆ ಎಂಬ ಭಾವನೆ ಅಷ್ಟು ಸರಿಯಲ್ಲ. ಖಾಲಿ ಮಾಡುವ ಕಾರಣಗಳು ಬೇರೆಡೆ ಇವೆ.

ಎಂಜಿನ್ ಓಡತೊಡಗಿದ ಮೇಲೆ ಆಲ್ಟರ್ನೇಟರ್ ಹೊಣೆ ಹೊರುತ್ತದೆ. ಗ್ಯಾರೇಜುಗಳಲ್ಲಿ ಇದನ್ನು ಈಗಲೂ ‘ಡೈನಮೋ’ ಎಂದೇ ಕರೆಯುವವರಿದ್ದಾರೆ. ದೀಪ, ಫ್ಯಾನು, ಮ್ಯೂಸಿಕ್ ಸಿಸ್ಟಂ ಎಲ್ಲಕ್ಕೂ ವಿದ್ಯುತ್ ಪೂರೈಸಿ, ಉಳಿದದ್ದರಿಂದ ಸುಮಾರು 13.8ರಿಂದ 14.7 ವೋಲ್ಟಿನಲ್ಲಿ ಬ್ಯಾಟರಿಯನ್ನು ತುಂಬಿಸುವುದು ಅದರ ಕಾರ್ಯ.

ಎಷ್ಟು ವರ್ಷ?

ಮೂರರಿಂದ ಐದು ವರ್ಷ ಎಂಬುದು ಸರಾಸರಿಯ ಮಾತು. ಬಯಲುಸೀಮೆಯ ಬಿರುಬಿಸಿಲಿನ ಊರುಗಳಲ್ಲಿ ಮೂರು ವರ್ಷ ಪೂರೈಸಿದರೆ ಅದನ್ನು ದೋಷವೆನ್ನಲಾಗದು. ತಂಪು ಹವೆಯಲ್ಲಿ, ದಿನವೂ ದೂರ ಓಡುವ ಕಾರಿನಲ್ಲಿ ಐದು ವರ್ಷ ದಾಟುವುದು ಅಪರೂಪವಲ್ಲ.

ಕಂಪನಿ ಬ್ಯಾಟರಿಯಷ್ಟು ಕಾಲ ಆಮೇಲೆ ಹಾಕಿಸಿದ್ದು ಬಾಳಲಿಲ್ಲ ಎಂಬ ದೂರು ಸಾಮಾನ್ಯ. ಬ್ಯಾಟರಿಯ ಗುಣಮಟ್ಟವೇ ಇದಕ್ಕೆ ಕಾರಣವೆಂದು ತಿಳಿಯುವವರು ಹೆಚ್ಚು. ಆದರೆ ಮೊದಲ ಬ್ಯಾಟರಿಯ ಸುತ್ತ ಇದ್ದದ್ದೆಲ್ಲ ಹೊಸದು ಎಂಬುದನ್ನು ಮರೆಯಬಾರದು. ಆಲ್ಟರ್ನೇಟರಿನ ಬೆಲ್ಟ್ ಬಿಗಿಯಾಗಿತ್ತು, ಟರ್ಮಿನಲ್ ಶುಭ್ರವಾಗಿತ್ತು, ಸ್ಟಾರ್ಟರ್ ಮೋಟಾರಿನ ಬ್ರಷ್ ಸವೆದಿರಲಿಲ್ಲ, ವೈರಿಂಗಿಗೆ ಹೊರಗಿನವರ ಕೈ ತಾಗಿರಲಿಲ್ಲ. ಎರಡನೆಯ ಬ್ಯಾಟರಿ ಬರುವ ಹೊತ್ತಿಗೆ ಇವೆಲ್ಲಕ್ಕೂ ನಾಲ್ಕಾರು ವರ್ಷ ವಯಸ್ಸಾಗಿರುತ್ತದೆ. ಹಳೆಯದು ಏಕೆ ಸೋತಿತೆಂದು ಪರೀಕ್ಷಿಸದೆ ಹೊಸದನ್ನು ಕೂರಿಸಿದರೆ, ಹಳೆಯದನ್ನು ಕೊಂದ ದೋಷವೇ ಹೊಸದನ್ನೂ ಕೊಲ್ಲುತ್ತದೆ.

ಇನ್ನೊಂದು ಸಂಗತಿ ಕಣ್ಣಿಗೆ ಬೀಳುವುದಿಲ್ಲ. ಕಂಪನಿ ಬ್ಯಾಟರಿಯ ಆಯುಸ್ಸು ಶುರುವಾಗುವುದು ಕಾರಿನ ನೋಂದಣಿಯ ದಿನದಿಂದಲ್ಲ, ಬ್ಯಾಟರಿಗೆ ಆಮ್ಲ ತುಂಬಿ ಚಾರ್ಜ್ ಮಾಡಿದ ದಿನದಿಂದ. ಕಾರು ತಯಾರಾಗಿ ಕಾರ್ಖಾನೆಯ ಅಂಗಳದಲ್ಲಿ, ಆಮೇಲೆ ಡೀಲರರ ಯಾರ್ಡಿನಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ನಿಂತಿದ್ದರೆ ಅಷ್ಟೂ ಕಾಲ ಬ್ಯಾಟರಿ ತನ್ನಷ್ಟಕ್ಕೆ ಇಳಿಯುತ್ತಲೇ ಇರುತ್ತದೆ. ಹೊಸ ಕಾರು ಒಪ್ಪಿಕೊಳ್ಳುವ ಮುನ್ನ ಬಣ್ಣದ ಗೀರು, ಟೈರಿನ ತಯಾರಿಕೆಯ ವಾರ ನೋಡುವವರು ಬ್ಯಾಟರಿಯ ತಯಾರಿಕೆಯ ತಿಂಗಳನ್ನೂ ಕೇಳಿ ತಿಳಿಯುವುದು, ವೋಲ್ಟ್ ಅಳೆದು ತೋರಿಸುವಂತೆ ಹೇಳುವುದು ಒಳ್ಳೆಯದು. ಅದಕ್ಕೆ ಎರಡು ನಿಮಿಷ ಸಾಕು.

ಉಷ್ಣತೆಯ ಹೊಡೆತ

ಚಳಿಯ ಮುಂಜಾನೆ ಕಾರು ಸ್ಟಾರ್ಟ್ ಆಗದಿದ್ದಾಗ ಚಳಿಯನ್ನು ದೂರುವುದು ಸಹಜ. ವಾಸ್ತವವಾಗಿ ಬ್ಯಾಟರಿಯನ್ನು ಸವೆಸಿರುವುದು ಹಿಂದಿನ ಬೇಸಿಗೆ. ರಾಸಾಯನಿಕ ಕ್ರಿಯೆಗಳ ವೇಗ ಉಷ್ಣತೆಯೊಂದಿಗೆ ಏರುತ್ತದೆ. ಸ್ಥೂಲವಾಗಿ ಹೇಳುವುದಾದರೆ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಬ್ಯಾಟರಿಯೊಳಗಿನ ತುಕ್ಕಿನ ವೇಗ ಸುಮಾರು ಇಮ್ಮಡಿಯಾಗುತ್ತದೆ, ಆಯುಸ್ಸು ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ.

ಇಲ್ಲಿ ತುಕ್ಕು ಹಿಡಿಯುವುದು ಧನ ಫಲಕದ ಜಾಲರಿಗೆ. ಆಮ್ಲ ಮತ್ತು ಆಮ್ಲಜನಕದ ನಡುವೆ ಸದಾ ನಿಂತಿರುವ ಆ ಸೀಸದ ಎಳೆಗಳು ನಿಧಾನವಾಗಿ ಸೀಸದ ಡೈಆಕ್ಸೈಡ್ ಆಗುತ್ತ ಬರುತ್ತವೆ. ಡೈಆಕ್ಸೈಡಿಗೆ ಸೀಸಕ್ಕಿಂತ ಹೆಚ್ಚು ಜಾಗ ಬೇಕು. ಆದ್ದರಿಂದ ಜಾಲರಿ ಹಿಗ್ಗುತ್ತದೆ, ಅದಕ್ಕೆ ಮೆತ್ತಿದ ಲೇಪ ಸಡಿಲವಾಗುತ್ತದೆ, ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹಳೆಯ ಬ್ಯಾಟರಿಯಲ್ಲಿ ಧನ ಟರ್ಮಿನಲ್ಲಿನ ಸುತ್ತಲಿನ ಮುಚ್ಚಳ ಸ್ವಲ್ಪ ಮೇಲೆದ್ದು ಉಬ್ಬಿರುವುದನ್ನು ಬೆರಳಿನಿಂದ ಸವರಿಯೇ ತಿಳಿಯಬಹುದು. ಒಳಗೆ ಜಾಲರಿ ಬೆಳೆದು ಮೇಲಕ್ಕೆ ಒತ್ತಿರುವುದರ ಗುರುತು ಅದು. ಈ ಹಾನಿಗೆ ದುರಸ್ತಿ ಇಲ್ಲ. ಎಷ್ಟು ಚಾರ್ಜ್ ಮಾಡಿದರೂ ತುಂಡಾದ ಜಾಲರಿ ಕೂಡಿಕೊಳ್ಳುವುದಿಲ್ಲ.

ಬಿಸಿಯ ಎರಡನೆಯ ಪರಿಣಾಮ ನೀರಿನ ನಷ್ಟ. ಚಾರ್ಜ್ ಆಗುವಾಗ ಸ್ವಲ್ಪ ನೀರು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆದು ಹೊರಹೋಗುತ್ತದೆ. ಉಷ್ಣತೆ ಏರಿದಾಗ ಇದು ಹೆಚ್ಚುತ್ತದೆ. ಆಮ್ಲದ ಮಟ್ಟ ಇಳಿದು ಫಲಕದ ಮೇಲ್ತುದಿ ಗಾಳಿಗೆ ತೆರೆದುಕೊಂಡರೆ ಅಷ್ಟು ಭಾಗ ಶಾಶ್ವತವಾಗಿ ಕೆಲಸ ಬಿಡುತ್ತದೆ, ಉಳಿದ ಆಮ್ಲ ಗಟ್ಟಿಯಾಗಿ ತುಕ್ಕನ್ನು ಮತ್ತಷ್ಟು ಬೇಗ ಹರಡುತ್ತದೆ.

ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್-ಮೇ ತಿಂಗಳ ಗರಿಷ್ಠ ಉಷ್ಣತೆ 40 ಡಿಗ್ರಿ ದಾಟುತ್ತದೆ. ಓಡಿ ಬಂದು ನಿಂತ ಕಾರಿನ ಬಾನೆಟ್ಟಿನೊಳಗೆ ಎಂಜಿನ್ನಿನ ಬಿಸಿಯೂ ಸೇರಿ 60 ಡಿಗ್ರಿ ಮೀರುವುದು ಅಸಾಮಾನ್ಯವಲ್ಲ. ಈ ಕಾರಣಕ್ಕಾಗಿಯೇ ಹಲವು ತಯಾರಕರು ಬ್ಯಾಟರಿಗೆ ಪ್ಲಾಸ್ಟಿಕ್ಕಿನ ಅಥವಾ ದಪ್ಪ ಬಟ್ಟೆಯಂಥ ಹೊದಿಕೆ ಕೊಡುತ್ತಾರೆ. ಕೆಲವು ಕಾರುಗಳಲ್ಲಿ ಬ್ಯಾಟರಿಯನ್ನು ಎಂಜಿನ್ನಿನಿಂದ ದೂರ, ಡಿಕ್ಕಿಯಲ್ಲೇ ಇಡುತ್ತಾರೆ. ಬ್ಯಾಟರಿ ಬದಲಿಸುವಾಗ ಹೊಸದು ಒಳಗೆ ಹಿಡಿಸದೆಂದೋ ಕೆಲಸ ಬೇಗ ಮುಗಿಯಲೆಂದೋ ಆ ಹೊದಿಕೆಯನ್ನು ಕಿತ್ತೆಸೆಯುವುದು ಗ್ಯಾರೇಜುಗಳಲ್ಲಿ ಕಾಣುವ ಸಂಗತಿ. ಅದು ಅಲಂಕಾರದ ವಸ್ತುವಲ್ಲ. ಅದನ್ನು ಮತ್ತೆ ಹಾಕಿಸಲೇಬೇಕು.

ಹಾಗಿದ್ದರೆ ಚಳಿಯ ಪಾತ್ರವೇನು? ಚಳಿಯಲ್ಲಿ ರಾಸಾಯನಿಕ ಕ್ರಿಯೆ ಮಂದವಾಗುತ್ತದೆ, ಎಂಜಿನ್ ಆಯಿಲ್ ದಪ್ಪವಾಗಿ ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಬೇಸಿಗೆಯಲ್ಲಿ ಸವೆದ ಬ್ಯಾಟರಿ ಮುಂದಿನ ಮಳೆಗಾಲದ ಅಥವಾ ಡಿಸೆಂಬರಿನ ಒಂದು ಮುಂಜಾನೆ ಸೋಲೊಪ್ಪಿಕೊಳ್ಳುವುದು ಇದರಿಂದಲೇ. ಲಡಾಖಿನಂಥ ಕಡೆ ಇನ್ನೊಂದು ಅಪಾಯವಿದೆ. ಖಾಲಿಯಾದ ಬ್ಯಾಟರಿಯ ತೆಳು ಆಮ್ಲ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಪೆಟ್ಟಿಗೆಯನ್ನೇ ಬಿರಿಸಬಹುದು. ತುಂಬಿದ ಬ್ಯಾಟರಿ ಅದೇ ಚಳಿಯಲ್ಲಿ ಸುರಕ್ಷಿತ.

ಅರೆಚಾರ್ಜಿನ ಹಾನಿ

ಬೆಂಗಳೂರಿನ ಹವೆ ಕಲಬುರಗಿಗಿಂತ ಬ್ಯಾಟರಿಗೆ ಎಷ್ಟೋ ಹಿತ. ಆದರೂ ಬೆಂಗಳೂರಿನ ಬ್ಯಾಟರಿಗಳೂ ಬೇಗ ಸೋಲುತ್ತವೆ. ಕಾರಣ ಬಿಸಿಯಲ್ಲ, ಹಸಿವು.

ಬ್ಯಾಟರಿ ಅರೆಖಾಲಿಯಾಗಿ ಉಳಿದಾಗ ಫಲಕದ ಮೇಲಿನ ಸೀಸದ ಸಲ್ಫೇಟಿನ ಸಣ್ಣ ಕಣಗಳು ಕಾಲಕ್ರಮದಲ್ಲಿ ಕೂಡಿಕೊಂಡು ದೊಡ್ಡ, ಗಟ್ಟಿ ಹರಳುಗಳಾಗುತ್ತವೆ. ಈ ಹರಳುಗಳು ಸಾಮಾನ್ಯ ಚಾರ್ಜಿಂಗಿನಲ್ಲಿ ಕರಗುವುದಿಲ್ಲ, ವಿದ್ಯುತ್ತನ್ನೂ ಸಾಗಿಸುವುದಿಲ್ಲ. ಇದಕ್ಕೆ ಸಲ್ಫೇಟೀಕರಣವೆಂದು ಹೆಸರು, ಮೆಕ್ಯಾನಿಕ್‌ಗಳ ಮಾತಿನಲ್ಲಿ ‘ಸಲ್ಫೇಷನ್’. ಒಮ್ಮೆ ಖಾಲಿಯಾದದ್ದಕ್ಕಿಂತ ಖಾಲಿಯಾಗಿ ಉಳಿದ ಕಾಲ ಇಲ್ಲಿ ಹೆಚ್ಚು ಕೆಡುಕು ಮಾಡುತ್ತದೆ. ಇಂದು ರಾತ್ರಿ ದೀಪ ಆರಿಸಲು ಮರೆತು ಬ್ಯಾಟರಿ ಡೌನ್ ಆದರೆ ನಾಳೆಯೇ ಚಾರ್ಜರಿಗೆ ಹಾಕಿ ಪೂರ್ತಿ ತುಂಬಿಸಿದರೆ ಬಹುಪಾಲು ಚೇತರಿಸಿಕೊಳ್ಳುತ್ತದೆ. ಹದಿನೈದು ದಿನ ಹಾಗೇ ಬಿಟ್ಟರೆ ಚೇತರಿಕೆ ಅನುಮಾನ.

ಪೂರ್ತಿ ತುಂಬದ ಬ್ಯಾಟರಿಯಲ್ಲಿ ಇನ್ನೊಂದು ತೊಂದರೆ ಕಾಣಿಸಿಕೊಳ್ಳುತ್ತದೆ. ಕಲಕದೆ ಇಟ್ಟ ಪಾನಕದ ತಳದಲ್ಲಿ ಬೆಲ್ಲ ದಪ್ಪಗೆ ಇಳಿದಂತೆ, ಗಟ್ಟಿ ಆಮ್ಲ ಕೆಳಗೂ ತೆಳು ಆಮ್ಲ ಮೇಲೂ ನಿಲ್ಲುತ್ತದೆ. ಫಲಕದ ಕೆಳಭಾಗ ಹರಳುಗಟ್ಟುತ್ತದೆ, ಮೇಲ್ಭಾಗ ತುಕ್ಕು ಹಿಡಿಯುತ್ತದೆ. ಪೂರ್ಣ ಚಾರ್ಜಿನ ಕೊನೆಯಲ್ಲಿ ಏಳುವ ಅನಿಲದ ಗುಳ್ಳೆಗಳು ಆಮ್ಲವನ್ನು ಕಲಕಿ ಸಮಗೊಳಿಸುತ್ತವೆ. ಪೂರ್ಣ ಚಾರ್ಜ್ ಎಂದೂ ಆಗದ ಬ್ಯಾಟರಿಗೆ ಆ ಅವಕಾಶವೇ ಸಿಗುವುದಿಲ್ಲ.

ಪ್ರತಿದಿನ ಕಾರು ಓಡಿಸಿದರೂ ಬ್ಯಾಟರಿ ಏಕೆ ತುಂಬುವುದಿಲ್ಲ? ಉತ್ತರ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸಂಜೆಯ ವಾಹನದಟ್ಟಣೆಯಲ್ಲಿದೆ. ಮಳೆಯಲ್ಲಿ ನಿಂತ ಕಾರಿನಲ್ಲಿ ಹ್ಯಾಲೊಜೆನ್ ಹೆಡ್‌ಲೈಟ್ ಎರಡೂ ಸೇರಿ ಒಂಬತ್ತು ಆಂಪಿಯರ್ ಹತ್ತಿರ ತಿನ್ನುತ್ತವೆ. ಎಸಿಯ ಬ್ಲೋವರ್, ರೇಡಿಯೇಟರ್ ಫ್ಯಾನು, ವೈಪರ್, ಹಿಂದಿನ ಗಾಜಿನ ಡೀಫಾಗರ್ ಸೇರಿದರೆ ಬೇಡಿಕೆ 35-40 ಆಂಪಿಯರ್ ಮುಟ್ಟುತ್ತದೆ. ನಿಂತಲ್ಲೇ ಸಣ್ಣಗೆ ಓಡುತ್ತಿರುವ ಎಂಜಿನ್ನಿನ ಆಲ್ಟರ್ನೇಟರ್ ತನ್ನ ಸಾಮರ್ಥ್ಯದ ಒಂದು ಭಾಗವನ್ನಷ್ಟೇ ಉತ್ಪಾದಿಸಬಲ್ಲದು. ಬಂದದ್ದು ಖರ್ಚಿಗೇ ಸರಿಹೋಗುತ್ತದೆ, ಕೆಲವೊಮ್ಮೆ ಬ್ಯಾಟರಿಯೇ ಕೊರತೆ ತುಂಬಿಕೊಡಬೇಕಾಗುತ್ತದೆ. ಇದಲ್ಲದೆ ಸೀಸ-ಆಮ್ಲ ಬ್ಯಾಟರಿ ಶೇ. 80ರವರೆಗೆ ಬೇಗ ತುಂಬುತ್ತದೆ, ಉಳಿದ ಶೇ. 20 ತುಂಬಲು ಹಲವು ಗಂಟೆ ಬೇಕು. ನಾಲ್ಕು ಕಿಲೋಮೀಟರಿನ ಶಾಲೆ-ಮಾರ್ಕೆಟ್ ಓಡಾಟದಲ್ಲಿ ಆ ಕೊನೆಯ ಪಾಲು ತುಂಬುವುದೇ ಇಲ್ಲ. ವಾರಕ್ಕೊಮ್ಮೆ ನೈಸ್ ರಸ್ತೆಯಂಥ ತೆರೆದ ದಾರಿಯಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ ಓಡಿಸುವುದು ಇಂಥ ಕಾರಿನ ಬ್ಯಾಟರಿಗೆ ನಿಜವಾದ ಉಪಚಾರ.

ನಿಂತ ಕಾರಿನ ಸೋರಿಕೆ

ಕೀಲಿ ತೆಗೆದು ಬಾಗಿಲು ಹಾಕಿದ ಮೇಲೂ ಕಾರು ಪೂರ್ತಿ ಮಲಗುವುದಿಲ್ಲ. ಗಡಿಯಾರ, ಸೆಂಟ್ರಲ್ ಲಾಕ್, ಕಳ್ಳತನ ತಡೆಯುವ ಅಲಾರಂ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ನೆನಪು, ಇವಕ್ಕೆಲ್ಲ ಅಲ್ಪ ಪ್ರವಾಹ ಹರಿಯುತ್ತಲೇ ಇರುತ್ತದೆ. ಸಾಮಾನ್ಯ ಕಾರಿನಲ್ಲಿ ಇದು 20ರಿಂದ 50 ಮಿಲಿಆಂಪಿಯರ್.

ಸಂಖ್ಯೆ ಚಿಕ್ಕದು, ಲೆಕ್ಕ ಚಿಕ್ಕದಲ್ಲ. 30 ಮಿಲಿಆಂಪಿಯರ್ ದಿನಕ್ಕೆ 0.72 ಆಂಪಿಯರ್-ಗಂಟೆಯಾಗುತ್ತದೆ, 30 ದಿನಕ್ಕೆ 21.6. ಸಣ್ಣ ಕಾರುಗಳಲ್ಲಿ ಸಾಮಾನ್ಯವಾದ 35 ಆಂಪಿಯರ್-ಗಂಟೆಯ ಬ್ಯಾಟರಿ ಒಂದು ತಿಂಗಳು ನಿಂತಲ್ಲೇ ಅರ್ಧಕ್ಕಿಂತ ಹೆಚ್ಚು ಖಾಲಿಯಾಯಿತು. ಬ್ಯಾಟರಿ ತನ್ನಷ್ಟಕ್ಕೆ ಇಳಿಯುವುದು ಇದರ ಜೊತೆಗೆ. 2020ರ ಲಾಕ್‌ಡೌನಿನಲ್ಲಿ ವಾರಗಟ್ಟಲೆ ನಿಂತ ಕಾರುಗಳು ಹೊರಡುವ ದಿನ ಸೆಲ್ಫ್ ತೆಗೆದುಕೊಳ್ಳದೆ ಹೋದದ್ದರ ಹಿಂದೆ ಇದ್ದದ್ದು ಇಷ್ಟೇ ಗಣಿತ. ವಿದೇಶದಲ್ಲಿದ್ದು ವರ್ಷಕ್ಕೊಮ್ಮೆ ಊರಿಗೆ ಬರುವ ಮಕ್ಕಳಿಗಾಗಿ ಮನೆಯಲ್ಲಿ ನಿಲ್ಲಿಸಿಟ್ಟ ಕಾರುಗಳಿಗೂ ಇದೇ ಗತಿ.

ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಸಾಧನಗಳು ಈ ಸೋರಿಕೆಯನ್ನು ಹಲವು ಪಟ್ಟು ಹೆಚ್ಚಿಸಬಲ್ಲವು. ನಿಲ್ಲಿಸಿದಾಗಲೂ ಚಿತ್ರೀಕರಿಸುವ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಕೀಲಿಯ ಸಂಪರ್ಕ ಬಿಟ್ಟು ನೇರವಾಗಿ ಬ್ಯಾಟರಿಗೇ ಸೇರಿಸಿದ ಮ್ಯೂಸಿಕ್ ಆಂಪ್ಲಿಫೈಯರ್ ಇವುಗಳಲ್ಲಿ ಮುಖ್ಯವಾದವು. ಎರಡು ದಿನ ನಿಂತರೆ ಬ್ಯಾಟರಿ ವೀಕ್ ಆಗುವ ಕಾರಿನಲ್ಲಿ ಬ್ಯಾಟರಿಯನ್ನು ಅನುಮಾನಿಸುವ ಮೊದಲು ಸೋರಿಕೆಯನ್ನು ಅಳೆಯಿಸಬೇಕು.

ದೀರ್ಘಕಾಲ ನಿಲ್ಲಿಸುವುದಾದರೆ ಋಣ ಟರ್ಮಿನಲ್ ಕಳಚಿಡುವುದು ಸರಳ ಉಪಾಯ. ಗಡಿಯಾರ, ರೇಡಿಯೊ ಮತ್ತೆ ಹೊಂದಿಸಬೇಕಾಗುತ್ತದೆ, ಅಷ್ಟೇ. ಮನೆಯಲ್ಲಿ ಯಾರಾದರೂ ಇದ್ದು ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವ ವಾಡಿಕೆಯಿದೆ. ಇದರಿಂದ ಸ್ಟಾರ್ಟ್ ಮಾಡಲು ಖರ್ಚಾದದ್ದು ಮರಳಬಹುದು, ವಾರದ ಸೋರಿಕೆ ಮರಳುವುದಿಲ್ಲ. ಸಣ್ಣ ಸ್ವಯಂಚಾಲಿತ ಚಾರ್ಜರ್ ಒಂದನ್ನು ತಿಂಗಳಿಗೊಮ್ಮೆ ರಾತ್ರಿಯಿಡೀ ಹಾಕುವುದು ಇದಕ್ಕಿಂತ ಮೇಲು.

ಉಳಿದ ಕಾರಣಗಳು

ಅಲುಗಾಟ: ಬ್ಯಾಟರಿಯನ್ನು ತಟ್ಟೆಗೆ ಬಿಗಿಹಿಡಿಯುವ ಕ್ಲಾಂಪ್ ಸಡಿಲವಾಗಿದ್ದರೆ ಗುಂಡಿ ಬಿದ್ದ ರಸ್ತೆಯ ಪ್ರತಿ ಕುಲುಕಿಗೂ ಫಲಕದ ಲೇಪ ಉದುರುತ್ತದೆ. ಉದುರಿದ ಪುಡಿ ತಳದಲ್ಲಿ ಸೇರಿ ಎರಡು ಫಲಕಗಳನ್ನು ಮುಟ್ಟಿಸಿದರೆ ಒಂದು ಸೆಲ್ ಸತ್ತಂತೆ. ಆಗ ಬ್ಯಾಟರಿ 10.5 ವೋಲ್ಟಿನ ಸುತ್ತ ನಿಂತುಬಿಡುತ್ತದೆ, ಚಾರ್ಜ್ ಮಾಡಿದರೂ ಏರುವುದಿಲ್ಲ.

ಅತಿಚಾರ್ಜ್: ಆಲ್ಟರ್ನೇಟರಿನ ನಿಯಂತ್ರಕ ಕೆಟ್ಟು 15 ವೋಲ್ಟ್ ಮೀರಿದರೆ ಬ್ಯಾಟರಿ ಬಿಸಿಯಾಗಿ ನೀರು ಕಳೆದುಕೊಳ್ಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಇದರ ಲಕ್ಷಣ.

ಟರ್ಮಿನಲ್ಲಿನ ಕಿಲುಬು: ಟರ್ಮಿನಲ್ ಸುತ್ತ ಬೆಳೆಯುವ ಬಿಳಿ ಅಥವಾ ಹಸಿರು-ನೀಲಿ ಪುಡಿ ಆಮ್ಲದ ಹಬೆ ಮತ್ತು ಲೋಹದ ಸಂಯೋಗದಿಂದ ಉಂಟಾದ ಲವಣ. ಇದು ಪ್ರವಾಹಕ್ಕೆ ತಡೆಯಾಗಿ ಆಲ್ಟರ್ನೇಟರ್ ಕೊಟ್ಟದ್ದು ಬ್ಯಾಟರಿಗೆ ತಲುಪದಂತೆ ಮಾಡುತ್ತದೆ. ತೇವ ಮತ್ತು ಉಪ್ಪುಗಾಳಿಯ ಕರಾವಳಿಯಲ್ಲಿ ಲೋಹದ ಭಾಗಗಳ ತುಕ್ಕು ಇನ್ನಷ್ಟು. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆದು, ಒರೆಸಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಸಾಕು. ಕಳಚುವಾಗ ಮೊದಲು ಋಣ, ಹಾಕುವಾಗ ಕೊನೆಗೆ ಋಣ ಎಂಬ ಕ್ರಮ ತಪ್ಪಬಾರದು. ಸ್ಪ್ಯಾನರ್ ಅಕಸ್ಮಾತ್ ಕಾರಿನ ಲೋಹಕ್ಕೆ ತಾಗಿದರೂ ಕಿಡಿ ಹಾರದಿರಲು ಈ ನಿಯಮ.

ನೀರು: ಮುಚ್ಚಳ ತೆರೆಯಬಹುದಾದ ಬ್ಯಾಟರಿಗೆ ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಕೊಳವೆಬಾವಿಯ ನೀರಿನಲ್ಲಿರುವ ಕಬ್ಬಿಣ, ಕ್ಲೋರೈಡುಗಳು ಫಲಕವನ್ನು ಕೆಡಿಸುತ್ತವೆ. ಮನೆಯ ಆರ್‌ಒ ಯಂತ್ರದ ನೀರಿನಲ್ಲೂ ಲವಣಗಳು ಉಳಿದಿರುವುದರಿಂದ ಅದು ಇದಕ್ಕೆ ಬದಲಿಯಲ್ಲ. ಬ್ಯಾಟರಿಗೆ ಬಲ ಬರಲೆಂದು ಆಮ್ಲ ಸುರಿಯುವುದಂತೂ ಅದನ್ನು ಕೈಯಾರೆ ಕೊಂದಂತೆ. ಆವಿಯಾಗಿ ಹೋಗುವುದು ನೀರೇ ಹೊರತು ಆಮ್ಲವಲ್ಲ.

ಸ್ಥಿತಿಯನ್ನು ತಿಳಿಯುವ ಬಗೆ

ಹೆಚ್ಚಿನವರು ನೆಚ್ಚುವುದು ಮುಚ್ಚಳದ ಮೇಲಿನ ಪುಟ್ಟ ಗಾಜಿನ ಕಣ್ಣನ್ನು. ‘ಮ್ಯಾಜಿಕ್ ಐ’ ಎಂದು ಕರೆಯುವ ಇದು ಹಸಿರಾಗಿದ್ದರೆ ಬ್ಯಾಟರಿ ಚೆನ್ನಾಗಿದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಆ ಕಣ್ಣು ನೋಡುವುದು ಆರು ಸೆಲ್ಲುಗಳಲ್ಲಿ ಒಂದನ್ನು ಮಾತ್ರ. ಉಳಿದ ಐದರಲ್ಲಿ ಒಂದು ಸತ್ತಿದ್ದರೂ ಅದು ಹಸಿರನ್ನೇ ತೋರಿಸಬಹುದು.

ಮಲ್ಟಿಮೀಟರ್ ಹೆಚ್ಚು ಪ್ರಾಮಾಣಿಕ. ರಾತ್ರಿಯಿಡೀ ನಿಂತ ಕಾರಿನಲ್ಲಿ ಮುಂಜಾನೆ ಅಳೆದಾಗ 12.6 ವೋಲ್ಟ್ ಅಥವಾ ಹೆಚ್ಚು ಇದ್ದರೆ ಪೂರ್ಣ ಚಾರ್ಜ್, 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ. ಎಂಜಿನ್ ನಿಲ್ಲಿಸಿದ ಕೂಡಲೇ ಅಳೆದ ಅಂಕಿಗೆ ಅರ್ಥವಿಲ್ಲ. ಸ್ಟಾರ್ಟ್ ಮಾಡುವ ಕ್ಷಣದಲ್ಲಿ ವೋಲ್ಟ್ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸವೆದಿದೆ ಎಂದು ತಿಳಿಯಬೇಕು. ಎಂಜಿನ್ ಓಡುವಾಗ 13.8ಕ್ಕಿಂತ ಕಡಿಮೆಯೇ ಇದ್ದರೆ ಆಲ್ಟರ್ನೇಟರ್, ಬೆಲ್ಟ್ ಮತ್ತು ವೈರಿಂಗನ್ನು ಮೊದಲು ನೋಡಿಸಬೇಕು. ಕೆಲವು ಹೊಸ ಕಾರುಗಳಲ್ಲಿ ಇಂಧನ ಉಳಿಸಲು ಕಂಪ್ಯೂಟರೇ ಆಲ್ಟರ್ನೇಟರಿನ ವೋಲ್ಟನ್ನು ಇಳಿಸುವುದರಿಂದ, ಅಂಥವುಗಳಲ್ಲಿ ಒಂದೇ ಅಳತೆಯಿಂದ ತೀರ್ಮಾನಕ್ಕೆ ಬರಬಾರದು.

ಮೀಟರ್ ಇಲ್ಲದವರಿಗೂ ಸೂಚನೆಗಳಿವೆ. ಸೆಲ್ಫ್ ಹೊಡೆದಾಗ ಎಂಜಿನ್ ಎಳೆದೆಳೆದು ತಿರುಗುವುದು, ಆ ಹೊತ್ತಿಗೆ ಡ್ಯಾಶ್‌ಬೋರ್ಡಿನ ದೀಪ ಮಂಕಾಗುವುದು, ಪವರ್ ವಿಂಡೋ ನಿಧಾನವಾಗುವುದು ಅವುಗಳಲ್ಲಿ ಕೆಲವು. ಕೊನೆಯ ಹಂತದಲ್ಲಿ ಎಂಜಿನ್ ತಿರುಗದೆ ‘ಟಕ್ ಟಕ್’ ಸದ್ದು ಮಾತ್ರ ಬರುತ್ತದೆ.

ಬ್ಯಾಟರಿಯ ಮೇಲಿನ ಅಂಕಿ-ಅಕ್ಷರ

ಸಣ್ಣ ಕಾರುಗಳ ಬ್ಯಾಟರಿಯ ಮೇಲೆ 38ಬಿ20ಎಲ್ ಎಂಬಂಥ ಸಂಕೇತ ಮುದ್ರಿತವಾಗಿರುತ್ತದೆ. ಇದು ಜಪಾನಿನ ಮಾನಕ ಪದ್ಧತಿ. ಮೊದಲ 38 ಕಾರ್ಯಕ್ಷಮತೆಯ ಶ್ರೇಣಿ. ಇದನ್ನು 38 ಆಂಪಿಯರ್-ಗಂಟೆ ಎಂದು ಓದುವುದು ತಪ್ಪು, ಈ ಬ್ಯಾಟರಿಯ ಸಾಮರ್ಥ್ಯ ಸಾಮಾನ್ಯವಾಗಿ 35 ಆಂಪಿಯರ್-ಗಂಟೆ. ‘ಬಿ’ ಅಗಲ-ಎತ್ತರದ ವರ್ಗ, 20 ಎಂಬುದು ಸೆಂಟಿಮೀಟರಿನಲ್ಲಿ ಉದ್ದ, ‘ಎಲ್’ ಟರ್ಮಿನಲ್ ಯಾವ ಬದಿಗೆ ಎಂಬುದರ ಗುರುತು. ‘ಎಲ್’ ಇರುವಲ್ಲಿ ‘ಆರ್’ ತಂದರೆ ಕೇಬಲ್ ನಿಲುಕುವುದಿಲ್ಲ.

ಸಿಸಿಎ ಎಂಬ ಇನ್ನೊಂದು ಅಂಕಿಯೂ ಇರುತ್ತದೆ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ, ವೋಲ್ಟ್ ನಿಗದಿತ ಮಟ್ಟಕ್ಕಿಂತ ಕುಸಿಯದಂತೆ, 30 ಸೆಕೆಂಡ್ ಕೊಡಬಲ್ಲ ಪ್ರವಾಹ ಅದು. ನಮ್ಮ ಹವೆಗೆ ಆ ಚಳಿ ಬಾರದಿದ್ದರೂ, ವರ್ಷಕ್ಕೊಮ್ಮೆ ಟೆಸ್ಟರಿನಿಂದ ಅಳೆಸಿ ಮುದ್ರಿತ ಅಂಕಿಯೊಂದಿಗೆ ಹೋಲಿಸಿದರೆ ಬ್ಯಾಟರಿ ಎಷ್ಟು ಸವೆದಿದೆ ಎಂಬ ಅಂದಾಜು ಸಿಗುತ್ತದೆ. ಖಾತರಿ ಪತ್ರದಲ್ಲಿ ‘24+24’ ಎಂದಿದ್ದರೆ ಮೊದಲ 24 ತಿಂಗಳು ಉಚಿತ ಬದಲಿ, ಆನಂತರದ 24 ತಿಂಗಳು ಹೊಸದರ ಬೆಲೆಯಲ್ಲಿ ರಿಯಾಯಿತಿ ಮಾತ್ರ. ಒಟ್ಟು ನಾಲ್ಕು ವರ್ಷದ ಪೂರ್ಣ ಖಾತರಿ ಎಂದು ಭಾವಿಸಿದವರಿಗೆ ಮೂರನೆಯ ವರ್ಷ ನಿರಾಸೆಯಾಗುತ್ತದೆ.

ಹೊಸ ಬಗೆಯ ಕಾರುಗಳಲ್ಲಿ

ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ನಿಂತು ಮತ್ತೆ ಶುರುವಾಗುವ ಕಾರುಗಳಿಗೆ ಸಾಮಾನ್ಯ ಬ್ಯಾಟರಿ ಸಾಲದು. ಅವಕ್ಕೆ ಇಎಫ್‌ಬಿ ಎಂಬ ಬಲವರ್ಧಿತ ಬಗೆ, ಅಥವಾ ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟ ಎಜಿಎಂ ಬಗೆ ಬೇಕು. ಬೆಲೆ ಹೆಚ್ಚೆಂದು ಇವುಗಳ ಜಾಗದಲ್ಲಿ ಸಾಮಾನ್ಯ ಬ್ಯಾಟರಿ ಹಾಕಿಸಿದರೆ ಅದು ಬೇಗನೆ ಸವೆದು, ಉಳಿಸಿದ ಹಣ ಉಳಿಯುವುದಿಲ್ಲ.

ವಿದ್ಯುತ್ ಕಾರಿನಲ್ಲೂ ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ. ಬಾಗಿಲಿನ ಲಾಕ್, ದೀಪ, ಕಂಪ್ಯೂಟರುಗಳನ್ನು ನಡೆಸುವುದು, ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಸ್ವಿಚ್ಚನ್ನು ಎಳೆಯುವುದು ಇದೇ. ಇದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಕದಲುವುದಿಲ್ಲ.

ಹಳೆಯ ಬ್ಯಾಟರಿಯ ವಿಲೇವಾರಿ

ಸಣ್ಣ ಕಾರಿನ ಬ್ಯಾಟರಿ ಸುಮಾರು ಹತ್ತು ಕಿಲೊ ತೂಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಈ ಸೀಸವನ್ನು ಮತ್ತೆ ಮತ್ತೆ ಕರಗಿಸಿ ಹೊಸ ಬ್ಯಾಟರಿ ಮಾಡಬಹುದು. ಅಂಗಡಿಯಲ್ಲಿ ಹಳೆಯದಕ್ಕೆ ಬೆಲೆ ಕಟ್ಟುವುದು ಆದ್ದರಿಂದಲೇ. ಆದರೆ ಅದೇ ಸೀಸ ಹಿತ್ತಲಿನ ಒಲೆಯಲ್ಲಿ ಕರಗಿದರೆ ಸುತ್ತಲಿನ ಗಾಳಿ, ಮಣ್ಣು, ನೀರುಗಳಲ್ಲಿ ಸೇರುತ್ತದೆ. ರಕ್ತದಲ್ಲಿ ಸೀಸದ ಸುರಕ್ಷಿತ ಮಟ್ಟ ಎಂಬುದು ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮೆದುಳಿನ ಬೆಳವಣಿಗೆಗೆ ಇದು ಮಾಡುವ ಹಾನಿ ಸರಿಪಡಿಸಲಾಗದ್ದು. ಆಮ್ಲವನ್ನು ಚರಂಡಿಗೆ ಸುರಿದು ಸೀಸವನ್ನಷ್ಟೇ ಒಯ್ಯುವ ಗುಜರಿಯವರು ಐವತ್ತು-ನೂರು ರೂಪಾಯಿ ಹೆಚ್ಚು ಕೊಟ್ಟರೂ ಅವರಿಗೆ ಬ್ಯಾಟರಿ ಕೊಡುವುದು ತರವಲ್ಲ.

ಭಾರತದಲ್ಲಿ 2001ರಿಂದ ಸೀಸದ ಬ್ಯಾಟರಿಗಳಿಗೆ ಪ್ರತ್ಯೇಕ ನಿಯಮವಿತ್ತು. ಅದರ ಜಾಗದಲ್ಲಿ ಬಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿ ಮರಳಿ ಪಡೆದು ಸಂಸ್ಕರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸುವ ಹೊಣೆ ಬಳಕೆದಾರರದು. ಹೊಸ ಬ್ಯಾಟರಿ ಕೊಳ್ಳುವ ಅಧಿಕೃತ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟು, ಅದರ ಬೆಲೆ ಕಳೆದು ಬರೆದ ಬಿಲ್ಲನ್ನು ಕೇಳಿ ಪಡೆಯಿರಿ. ಆ ಬಿಲ್ಲಿನಲ್ಲಿರುವ ದಿನಾಂಕವೇ ಮುಂದಿನ ಖಾತರಿಗೂ ಆಧಾರ.